ಕರೆದುಕೊಂಡು ಬಂದವಳು

ನವೆಂಬರ್ 8, ಶುಕ್ರವಾರ. ಬೆಳಿಗ್ಗೆ 8

ಇವತ್ತೂ ಅವ್ವ ಹೆಸರು ಹೇಳಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ದಿನಾ ಕೇಳುತ್ತೇನೆ — "ನಾ ಯಾರು ಹೇಳವ್ವ?" "ಸಾಲಿ ಅಕ್ಕೋರು" ಅಂದಳು. ತಪ್ಪೇನಲ್ಲ, ಟೀಚರೇ ನಾನು. ನಾಲ್ಕು ದಿನದಿಂದ ಅವ್ವ ರೊಟ್ಟಿ ಮುಟ್ಟಿಲ್ಲ. "ಮನಿಗೆ ಹೋಗೋಣು" — ಒಂದೇ ಜಪ.

ವಿದ್ಯಾಗಿರಿಯ ಈ ಮನೆ ಅವಳಿಗೆ ಮನೆಯೇ ಅಲ್ಲ. ನಮ್ಮ ಹಳೇ ಓಣಿ ಹಿನ್ನೀರಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಮನೆ ಮಾತ್ರ ಉಳಿದಿದೆ. ಕಂಬ, ಬಾಗಿಲು, ಕಲ್ಲಿಗೆಲ್ಲ ನಂಬರ್ ಹಾಕಿ ಬಿಚ್ಚಿ, ದಂಡೆಯ ಮ್ಯೂಸಿಯಂನಲ್ಲಿ ಹಾಗೇ ಕಟ್ಟಿ ನಿಲ್ಲಿಸಿದ್ದಾರಂತೆ. ರವಿವಾರ ಕರೆದೊಯ್ಯಬೇಕು. ಒಮ್ಮೆ "ಶುಭಾ" ಅನ್ನಲಿ, ಸಾಕು.

ನವೆಂಬರ್ 10, ರವಿವಾರ. ಸಂಜೆ

ಮ್ಯೂಸಿಯಂ ಕಾವಲಿನ ಯುನೂಸ "ಬರ್ರಿ ಅಮ್ಮಾರ, ನಿಮ್ಮ ಮನೀನ ಐತಿ" ಎಂದು ಹಗ್ಗ ಸರಿಸಿದರು. ಅವ್ವ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನ ಕೈ ಬಿಟ್ಟು ಪಡಸಾಲೆ ದಾಟಿದಳು. ಅಡುಗೆಮನೆ ಬಾಗಿಲಲ್ಲಿ ನಿಂತು — "ಶುಭಾ!"

ಅಳುವೇ ಬಂತು. "ಇಲ್ಲೇ ಇದ್ದೇನವ್ವ" ಅಂದೆ. ತಿರುಗಲಿಲ್ಲ. ಒಲೆಯ ಮುಂದೆ ಯಾರೂ ಇರಲಿಲ್ಲ. ಅವ್ವನ ಮಾತೆಲ್ಲ ಅಲ್ಲಿಗೇ. "ಎಷ್ಟ ಸೊರಗೀ ಅವ್ವೀ. ಒಬ್ಬಾಕಿನ ಇದ್ದೇನ ಇಷ್ಟ ದಿನಾ?" ನಡುನಡುವೆ ಸುಮ್ಮನಾಗಿ ತಲೆಯಾಡಿಸುತ್ತಿದ್ದಳು, ಉತ್ತರ ಕೇಳಿದವರ ಹಾಗೆ. ನನಗೆ ಹೊಟ್ಟೆಕಿಚ್ಚು... ನನ್ನ ಮೇಲೇ!

ಐದಕ್ಕೆ ಮುಚ್ಚುತ್ತಾರೆ. ಏಳಲೊಲ್ಲಳು. "ಹುಡುಗೀನ್ನ ಬಿಟ್ಟು ಹೆಂಗ ಬರ್ಲಿ? ಕರಿ ಆಕೀನ್ನ." ಯುನೂಸ ಕೀಲಿ ಹಿಡಿದು ನಿಂತಿದ್ದರು. ತಲೆ ಕೆಟ್ಟು ಒಲೆಯ ಕಡೆ ಕೂಗಿದೆ — "ಬಾ ಶುಭಾ, ಮನಿಗೆ ಹೋಗೋಣು." ನಗು ಬರಬೇಕಿತ್ತು. ಬರಲಿಲ್ಲ.

ಅವ್ವ ತಟ್ಟನೆ ಎದ್ದಳು. ಆಟೋದಲ್ಲಿ ನನ್ನನ್ನು ತುದಿಗೆ ಸರಿಸಿ, ನಡುವೆ ಜಾಗ ಬಿಟ್ಟು ಕೂತಳು.

ನವೆಂಬರ್ 12

ಎರಡು ರೊಟ್ಟಿ ಉಂಡಳು! ಮನೆಯ ಜಪ ನಿಂತಿದೆ. ಮೂರು ತಾಟು ಹಾಕು ಅನ್ನುತ್ತಾಳೆ. ಹಾಕುತ್ತೇನೆ, ನನ್ನ ಗಂಟೇನು ಹೋಗುತ್ತದೆ.

ನವೆಂಬರ್ 19

ಮೂರನೆಯ ತಾಟಿನಲ್ಲೂ ಏನೂ ಉಳಿಯುವುದಿಲ್ಲ. ಅವ್ವನೇ ತಿನ್ನುತ್ತಾಳೆ ಅಂದುಕೊಂಡಿದ್ದೇನೆ.

ಇವತ್ತು ಸಾಲೆಯಿಂದ ಬಂದರೆ ಅವ್ವನ ತಲೆ ಬಾಚಿ ಹೆಳಲು ಹಾಕಿತ್ತು. ಅವಳ ಕೈ ಭುಜದ ಮೇಲೆ ಏಳುವುದಿಲ್ಲ. ಮಧ್ಯಾಹ್ನ ನೋಡಿಕೊಳ್ಳುವ ಬಾಳಮ್ಮನನ್ನು ಕೇಳಿದೆ. "ನಾ ಒಳಗ ಬರ್ಲೇ ಇಲ್ರಿ ಅಕ್ಕಾರ. ನೀವ ಮನ್ಯಾಗಿದ್ರೆಲ್ಲಾ... ನಿಮ್ಮ ದನಿ ಕೇಳಿ ಹೊಳ್ಳಿ ಹೋದ್ನಿ."

ಆ ಹೊತ್ತಿಗೆ ಏಳನೇ ಕ್ಲಾಸಿಗೆ ಗಣಿತ ಹೇಳುತ್ತಿದ್ದೆ. ಹೆದರಿಕೆ ಆಗುತ್ತಿದೆ. ರವಿವಾರ ಇಬ್ಬರನ್ನೂ ಮ್ಯೂಸಿಯಂಗೆ ಒಯ್ದು, ಒಬ್ಬಳನ್ನು ಬಿಟ್ಟು ಬರಬೇಕು.

ನವೆಂಬರ್ 22, ಶುಕ್ರವಾರ. ಸಂಜೆ 5:20

ಸಾಲೆಯಿಂದ ಬಂದು ನಮ್ಮ ಮನೆಯ ಮೆಟ್ಟಿಲ ಮೇಲೇ ಕೂತಿದ್ದೇನೆ. ಬಾಗಿಲು ಬಡಿದಾಗ ಅವ್ವ ಅರ್ಧ ತೆರೆದಳು. "ಯಾರು ಬೇಕಾಗಿತ್ರಿ?"

"ಅವ್ವಾ, ನಾ ಶುಭಾ."

ನಕ್ಕಳು. ಎಷ್ಟು ಮರ್ಯಾದೆಯ ನಗು! "ನಮ್ಮ ಶುಭಾ ಒಳಗದಾಳಲ್ರೀ." ಚಿಲಕ ಹಾಕಿಕೊಂಡಳು.

ಒಳಗಿನಿಂದ ಕೇಳಿತು — "ಯಾರವ್ವಾ ಬಂದಿದ್ರು?" ನನ್ನ ದನಿ.

ಇನ್ನೊಮ್ಮೆ ಬಡಿದೆ. ಹೆಜ್ಜೆ ಬರುತ್ತಿದೆ. ಅವ್ವನದಲ್ಲ. ಅವ್ವ ಇಷ್ಟು ಬೇಗ —