ಎಸ್ಪೆರಾನ್ಸಾ ಅಜ್ಜಿಯ ಕುಣಿಯಲ್ಲಿ

ಸಡಾ, ೧೨ ಮಾರ್ಚ್ ೨೦೦೯

ಪೂಜ್ಯ ಫಾದರ್ ಅವರಿಗೆ, ನಿಮ್ಮ ಇಗರ್ಜಿಯ ಸ್ಮಶಾನದಲ್ಲಿ ಕುಣಿ ತೋಡುತ್ತಿದ್ದ ಶಂಕರಲಿಂಗನ ನಮಸ್ಕಾರ. ನೀವೂ ಬೆಳಗಾವಿ ಕಡೆಯವರು, ಅದಕ್ಕೆ ಕನ್ನಡದಲ್ಲೇ ಬರೆಯುತ್ತೇನೆ.

ಎಸ್ಪೆರಾನ್ಸಾ ಅಜ್ಜಿಯನ್ನು ಹೂಳಿ ಈ ತಿಂಗಳಿಗೆ ಮೂರು ವರ್ಷ. ನಿಮ್ಮ ಪದ್ಧತಿಯಂತೆ ಕುಣಿ ಬಿಚ್ಚಿ ಎಲುಬು ತೆಗೆಯುವಾಗ ಅಡಿಯಲ್ಲಿ ಸಣ್ಣ ಎಲುಬುಗಳೂ ಸಿಗಬಹುದು. ಹೊಸ ಆಳು ಹೆದರದಂತೆ ಮೊದಲೇ ಹೇಳಿರಿ. ಅದು ನನ್ನ ಎಂಟು ದಿನದ ಮಗಳು.

ಗೋವೆಯಲ್ಲಿ ನಮ್ಮ ಲಿಂಗಾಯತರಿಗೆ ಮಣ್ಣು ಕೊಡಲು ಜಾಗವಿಲ್ಲವೆಂದು ಅಂದು ನಿಮ್ಮ ಹತ್ತಿರ ಬಂದಿದ್ದೆ. ಜ್ಞಾನಸ್ನಾನವಾಗದ ಕೂಸನ್ನು ಇಲ್ಲಿ ಹೂಳುವಂತಿಲ್ಲ ಎಂದಿರಿ. "ಎಂಟು ದಿನದ ಕೂಸು ಏನ್ ಪಾಪ ಮಾಡೇತ್ರಿ?" ಎಂದೆ. ಅದು ಮಾಡಿದ ಪಾಪವಲ್ಲ, ಆದಾಮನಿಂದ ಎಲ್ಲರಿಗೂ ಬಂದ ಪಾಪ ಎಂದು ಸಮಾಧಾನದಿಂದಲೇ ತಿಳಿಸಿದಿರಿ. ನಾನು ತಲೆಯಾಡಿಸಿದೆ. ಆಮೇಲೆ, ಅಜ್ಜಿಯ ಪೆಟ್ಟಿಗೆ ಬರುವ ಮೊದಲು, ಅವಳ ಕುಣಿಯನ್ನು ಇನ್ನೊಂದು ಮೊಳ ಆಳಕ್ಕೆ ತೋಡಿದೆ.

ಅವರಿಬ್ಬರನ್ನು ಬೇರೆ ಮಾಡಬೇಡಿ. ಮೂರು ವರ್ಷ ಜತೆಗಿದ್ದಾರೆ.

ಕೂಸಿನ ಎಲುಬು ಮೆತ್ತಗೆ, ಕರಗಿಯೂ ಹೋಗಿರಬಹುದು. ನನಗೆ ಬರುವ ಧೈರ್ಯವಿಲ್ಲ. ಹೆಂಡತಿ ಮುರುಗೆವ್ವ ಬಂದು ಕೇಳುತ್ತಾಳೆ. ಏನೂ ಸಿಗದಿದ್ದರೂ ಸಿಕ್ಕಿತೆಂದೇ ಹೇಳಿರಿ. ಸುಳ್ಳು ಹೇಳುವುದು ಪಾಪವೆಂದು ಬಲ್ಲೆ. ಆದಾಮನ ಪಾಪ ನನ್ನ ಮಗಳಿಗೆ ಬರುತ್ತದೆ ಅಂದಮೇಲೆ, ನಿಮ್ಮ ಆ ಸುಳ್ಳಿನ ಪಾಪ ನನಗೆ ಬರಲಿ.

ಇಂತಿ,
ಶಂಕರಲಿಂಗ