ಕೋರ್ಟ್ ದಾಟಿದರೆ ಎರಡೇ ಸ್ಟಾಪ್

ಫೆಬ್ರವರಿ 3

ಇವತ್ತೂ ಗಾರೆಯವನು ಬರಲಿಲ್ಲ. ಫೋನ್ ಮಾಡಿದರೆ "ಬಸ್ ಹತ್ತಿದೀನಿ ಅಣ್ಣ" ಅಂತಾನೆ. ನಾಲ್ಕು ದಿನದಿಂದ ಅದೇ ಬಸ್ಸು ಹತ್ತುತ್ತಿದ್ದಾನೆ. ಕೊನೆಗೆ ನಾನೇ ಸಿಮೆಂಟ್ ಕಲಸಿದೆ. ನಾನು ಕೆಲಸ ಮಾಡೋ ಟೈಲ್ಸ್ ಅಂಗಡಿಗೆ ಅರ್ಧ ದಿನ ರಜೆ ಹಾಕಿದೆ. ಯಜಮಾನರು ಮುಖ ಸಿಂಡರಿಸಿದರು. ಆದರೂ ಗೋಡೌನಿನಲ್ಲಿ ಅಂಚು ಒಡೆದು ಬಿದ್ದಿದ್ದ ಟೈಲ್ಸ್ ತಗೊಂಡು ಹೋಗು ಅಂದರು. ನಾಲ್ಕು ಬಣ್ಣ, ಒಂದಕ್ಕೊಂದು ಸಂಬಂಧವಿಲ್ಲ. ಇರಲಿ. ಟಾಯ್ಲೆಟ್‌ಗೇನು ಫೋಟೋ ತೆಗೆಸಬೇಕಾ.

ಈ ಡೈರಿನೂ ಅಂಗಡಿಯದೇ. ರಟ್ಟಿನ ಮೇಲೆ ಕಮೋಡ್ ಚಿತ್ರ. ನನ್ನ ಹಣೆಬರಹಕ್ಕೆ ಸರಿಯಾಗಿದೆ.

ಕೆಲಸ ಈ ತಿಂಗಳೊಳಗೆ ಮುಗಿಯಲೇಬೇಕು. ಹಿತ್ತಲ ಲ್ಯಾಟ್ರಿನ್‌ಗೆ ಹೋಗುವ ದಾರಿಯಲ್ಲಿ ಪಾಚಿ. ಅಲ್ಲೇ ಅಪ್ಪ ಹೋದ ತಿಂಗಳು ಜಾರಿ ಬಿದ್ದದ್ದು. ಮೂಳೆ ಮುರಿಯಲಿಲ್ಲ, ಪುಣ್ಯ. ಡಾಕ್ಟರ್ ನನ್ನ ಕಡೆಗೇ ತಿರುಗಿ ಹೇಳಿದರು: "ಇನ್ನೊಂದ್ಸಲ ಬಿದ್ರೆ ಇವರು ನಡೆಯೋದನ್ನ ಮರ್ತುಬಿಡಿ. ಮೂಳೆ ಪೂರ್ತಿ ಸವೆದಿದೆ. ಟಾಯ್ಲೆಟ್ ಮನೆಯೊಳಗೇ ಇರ್ಲಿ. ಕುರ್ಚಿ ತರ ಕೂತ್ಕೊಳ್ಳೋದು."

ಮಾರ್ಚ್ ಒಂದಕ್ಕೆ ನಾನು ಹೊರಡಬೇಕು. ಬೇರೆ ಊರಲ್ಲಿ ದೊಡ್ಡ ಹೋಟೆಲ್ ಕಟ್ಟುತ್ತಿದ್ದಾರೆ. ಇನ್ನೂರು ರೂಮು, ಇನ್ನೂರು ಬಾತ್‌ರೂಮು. ಫಿಟ್ಟರ್ ಕೆಲಸ. ಹತ್ತನೇ ಕ್ಲಾಸ್ ಆದಮೇಲೆ ಇದು ಏಳನೆಯದು. ಎಲ್ಲೂ ವರ್ಷ ತುಂಬಿಲ್ಲ. ಕಾಲಲ್ಲಿ ಚಕ್ರ ಇದೆ ಅಂತಾಳೆ ಅಕ್ಕ.

ಫೆಬ್ರವರಿ 6

ಅಮ್ಮನ ಜೊತೆ ಜಗಳ. ಹಾಲ್ ಪಕ್ಕದ ಸಾಮಾನು ಕೋಣೆ ಬಿಟ್ಟರೆ ಬೇರೆ ಜಾಗ ಎಲ್ಲಿದೆ? ನನ್ನ ತಲೆ ಮೇಲೆ ಕಟ್ಟಲಾ?

"ಹಾಲ್ ಪಕ್ಕದಲ್ಲೇನೋ? ಬಂದೋರು ಚಹಾ ಕುಡೀತಾ ಕೂತಿರ್ತಾರೆ, ಒಳಗಿಂದ…"

"ಒಳಗಿಂದ ಏನು?"

"ಏನೋ ಒಂದು. ನನ್ ಬಾಯಿಂದ ಹೇಳಿಸ್ಬೇಡ."

ಅಪ್ಪ ಮಧ್ಯೆ ಬಾಯಿ ಹಾಕಿದ. "ನನಗೆ ಅದೆಲ್ಲ ಯಾಕೋ. ಹಿಂದುಗಡೆದು ಚೆನ್ನಾಗೇ ಇದೆ. ಗಾಳಿ ಬರುತ್ತೆ."

ಗಾಳಿ ಬರುತ್ತಂತೆ. ಬರದೇ ಏನು. ಸೂರಿಗೂ ಗೋಡೆಗೂ ನಡುವೆ ಒಂದು ಮೊಳ ಸಂದು.

ಫೆಬ್ರವರಿ 11

ಪೈಪ್ ಲೈನಿಗೆ ಹಿತ್ತಲಲ್ಲಿ ಗುಂಡಿ ತೋಡಿದೆ. ಅಂಗೈಯಲ್ಲಿ ಬೊಬ್ಬೆ. ಸುಸ್ತಾಗಿ ಹಳೇ ಲ್ಯಾಟ್ರಿನ್ ಮೆಟ್ಟಿಲ ಮೇಲೆ ಕೂತೆ. ಎಷ್ಟು ಚಿಕ್ಕದು. ಹುಡುಗನಾಗಿದ್ದಾಗ ಇದೇ ನನಗೆ ಗುಹೆ ತರ ಕಾಣುತ್ತಿತ್ತು.

ಐದು ಜನಕ್ಕೆ ಒಂದೇ. ಬೆಳಿಗ್ಗೆ ಹೊತ್ತು ಬಕೆಟ್ಟುಗಳ ಸಾಲು. ಮನುಷ್ಯರು ನಿಲ್ಲುತ್ತಿರಲಿಲ್ಲ, ಬಕೆಟ್ ನಿಲ್ಲುತ್ತಿತ್ತು. ನನ್ನ ನೀಲಿ ಬಕೆಟ್ಟನ್ನು ಅಕ್ಕ ದಿನಾ ಹಿಂದಕ್ಕೆ ತಳ್ಳುತ್ತಿದ್ದಳು. ಮಳೆ ಬಂದರೆ ಕೊಡೆ ಹಿಡಿದುಕೊಂಡೇ ಒಳಗೆ ಕೂರಬೇಕು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೊಂಬು, ಮೂಗು ಮುಚ್ಚಿಕೊಳ್ಳೋಕೆ ಕೈಯೇ ಉಳಿಯುತ್ತಿರಲಿಲ್ಲ. ಪಕ್ಕದ ಮನೆಯವರು ಮಹಡಿ ಕಟ್ಟಿದ ಮೇಲಂತೂ ಅಮ್ಮ ಮೇಲೆ ನೋಡಿಕೊಂಡೇ ಓಡುತ್ತಿದ್ದಳು, ಕಾಗೆ ಅಟ್ಟಿಸಿಕೊಂಡು ಬಂದ ಹಾಗೆ.

ತಗಡಿನ ಬಾಗಿಲು. ಚಿಲಕ ಇರಲಿಲ್ಲ. ಎಂದೋ ತುಕ್ಕು ಹಿಡಿದು ಬಿದ್ದಿತ್ತು. "ನಾಳೆ ಹಾಕಿಸೋಣ" ಅಂತ ಅಪ್ಪ ಹದಿನೈದು ವರ್ಷ ಅಂದ. ಅದಕ್ಕೇ ಒಳಗಿರೋರು ಸದ್ದು ಮಾಡುತ್ತಲೇ ಇರಬೇಕು. ಅಜ್ಜಿ ಕೆಮ್ಮುತ್ತಿದ್ದಳು, ಸ್ಟಾರ್ಟ್ ಆಗದ ಮೋಟಾರ್ ಸೈಕಲ್ ಥರ. ಅಮ್ಮ ಚೊಂಬು ಕುಟ್ಟುತ್ತಿದ್ದಳು. ನಾನು ಬಾಗಿಲಿಗೆ ಒದೆಯುತ್ತಿದ್ದೆ. ಅಕ್ಕ ಮಗ್ಗಿ ಹೇಳುತ್ತಿದ್ದಳು. ಅವಳಿಗೆ ಹತ್ತೊಂಬತ್ತರ ಮಗ್ಗಿ ಬಂದದ್ದು ಅಲ್ಲೇ. ಟೀಚರ್ ಆಗಿದ್ದೂ ಅದರಿಂದಲೇ ಇರಬೇಕು.

ಅಪ್ಪ ಆಗ ಕಂಡಕ್ಟರ್. ಸಿಟಿ ಬಸ್. ಒಳಗೆ ಕೂತು ತನ್ನ ರೂಟಿನ ಸ್ಟಾಪುಗಳನ್ನು ಕೂಗುತ್ತಿದ್ದ. "ಹಳೇ ಮಿಲ್… ಯಾರ್ರೀ ಹಳೇ ಮಿಲ್. ರೈಟ್. ನೀರಿನ ಟ್ಯಾಂಕ್. ಮುಂದೆ ಹೋಗಿ, ಮುಂದೆ ಜಾಗ ಇದೆ. ಮಾರ್ಕೆಟ್." ಆಮೇಲೆ ಹುಡುಗಿಯರ ಶಾಲೆ, ಕೋರ್ಟ್, ದೊಡ್ಡಾಸ್ಪತ್ರೆ. ಕೊನೆಗೆ ಡಿಪೋ. ಡಿಪೋ ಅಂದರೆ ಹೊರಗೆ ಬಂದ ಅಂತ ಅರ್ಥ. ಹೊಟ್ಟೆ ಹಿಡಿದುಕೊಂಡು ನಿಂತ ನಾನು ಅಮ್ಮನನ್ನು ಕೇಳುತ್ತಿದ್ದೆ, "ಅಪ್ಪ ಎಲ್ಲಿದಾನೆ?" "ಕೋರ್ಟ್ ದಾಟಿದ್ರು, ಇನ್ನೆರಡೇ ಸ್ಟಾಪ್, ತಡ್ಕೋ." ಕೆಲವು ದಿನ ಮಾರ್ಕೆಟ್‌ನಲ್ಲೇ ನಿಂತುಬಿಡುತ್ತಿತ್ತು. ಟ್ರಾಫಿಕ್ ಜಾಸ್ತಿ ಅನ್ನುತ್ತಿದ್ದಳು ಅಜ್ಜಿ.

ಒಂದು ಸಲ ಅಕ್ಕನ ಮಗ್ಗಿ ಹದಿನೇಳು ಆರ್ಲೆಯಲ್ಲಿ ನಿಂತುಹೋಯಿತು. ಅಮ್ಮ ಸೌಟು ಹಿಡಿದೇ ಓಡಿದಳು. ಅಕ್ಕ ಬಕೆಟ್ ಮಗುಚಿ ಅದರ ಮೇಲೆ ನಿಂತು ನಡುಗುತ್ತಿದ್ದಾಳೆ. ಕೆಳಗೆ ಒಂದು ಕಪ್ಪೆ. ಸುಮ್ಮನಾದರೆ ಓಡಬೇಕು. ಅದೇ ನಮ್ಮ ಮನೆ ಕಾನೂನು.

ಥೂ, ಏನೇನೋ ಬರೆದೆ. ಗುಂಡಿ ಇನ್ನೂ ಅರ್ಧ ಇದೆ.

ಫೆಬ್ರವರಿ 19

ಕಮೋಡ್ ಕೂರಿಸಿದೆ. ಬಾಗಿಲು ಹಾಕಿದೆ. ಒಳಗಡೆ ಚಿಲಕ, ಸ್ಟೀಲಿಂದು, ಗಟ್ಟಿ. ನೀರು ಬಿಟ್ಟರೆ ಸರ್ ಅಂತ ಹೋಗುತ್ತೆ. ಒಬ್ಬನೇ ನಿಂತು ಆರು ಸಲ ಫ್ಲಶ್ ಮಾಡಿದೆ. ಅಮ್ಮ ಹೊರಗಿಂದ, "ನೀರೇನು ನಿಮ್ ಯಜಮಾನರು ಕೊಡ್ತಾರಾ?"

ಫೆಬ್ರವರಿ 21

ಸೀಟಿನ ಮೇಲೆ ಚಪ್ಪಲಿ ಗುರುತು. ಎರಡು. ಪಕ್ಕಪಕ್ಕ.

"ಅಪ್ಪ, ಇದರ ಮೇಲೆ ಹತ್ತಿ ಕೂತಿದ್ಯಾ?"

"ಕುರ್ಚಿ ಮೇಲೆ ಕೂತ್ರೆ ಅಲ್ಲಿ ಏನ್ ಬರುತ್ತೋ? ಆಫೀಸರ್ ಥರ ಕೂತಿರ್ಬೇಕು ಅಷ್ಟೇ."

"ಬಿದ್ರೆ?"

"ನಲವತ್ತು ವರ್ಷ ಓಡೋ ಬಸ್ಸಲ್ಲಿ ಕಂಬಿ ಹಿಡೀದೆ ನಿಂತೋನು ನಾನು."

ನಾನು ಕುರ್ಚಿ ಮೇಲೆ ಕೂತು ತೋರಿಸಿದೆ. ಹೀಗೆ. ಪಾದ ನೆಲಕ್ಕೆ. ಅಪ್ಪ ಕೈ ಕಟ್ಟಿಕೊಂಡು ನೋಡಿದ. "ಚೆನ್ನಾಗಿ ಕೂತ್ಕೋತೀಯ" ಅಂದ.

ತಲೆ ಚಚ್ಚಿಕೊಳ್ಳೋದೊಂದು ಬಾಕಿ.

ಫೆಬ್ರವರಿ 22

ಹತ್ತೋದು ಬಿಟ್ಟಿದ್ದೀನಿ ಅಂತಾನೆ. ಆದರೆ ಕೂಗೋದು ಬಿಟ್ಟಿಲ್ಲ. ಚಿಲಕ ಹಾಕಿಕೊಂಡು, ಒಳಗೆ ಕೂತು, ಹಳೇ ಮಿಲ್. ಹಿತ್ತಲಲ್ಲಾದರೆ ಗಾಳಿಗೆ ಹೋಗುತ್ತಿತ್ತು. ಇಲ್ಲಿ ಟೈಲ್ಸ್. ಮೈಕ್ ಹಿಡಿದ ಹಾಗೆ ಕೇಳುತ್ತೆ. ಬೀದಿಯ ಹುಡುಗರು ಕಿಟಕಿ ಕೆಳಗೆ ನಿಂತು "ಒಂದು ಕೋರ್ಟ್ ಕೊಡಿ" ಅಂತಾರೆ.

ಫೆಬ್ರವರಿ 24, ಸಂಜೆ

ಮೀಸೆ ಮನೆಗೆ ಬಂದಿದ್ದರು. ಹೋಟೆಲ್ ಕಂಟ್ರಾಕ್ಟರ್. ಹೆಸರು ಹಿಡಿದು ಯಾರೂ ಕರೆಯಲ್ಲ, ಮುಖದಲ್ಲಿ ಮೀಸೆ ಬಿಟ್ಟರೆ ಏನೂ ಕಾಣಲ್ಲ. ನನ್ನ ಕೆಲಸ ನೋಡಬೇಕು ಅಂದಿದ್ದರು. ಇಸ್ತ್ರಿ ಶರ್ಟ್ ಹಾಕಿಕೊಂಡು ಕೂತಿದ್ದೆ. ಅಮ್ಮ ಒಳ್ಳೆ ಲೋಟ ತೆಗೆದಿದ್ದಳು. ಅವರು ಒಂದು ಗುಟುಕು ಕುಡಿದು "ಸೈಟಲ್ಲಿ ಡಿಸಿಪ್ಲಿನ್ ಮುಖ್ಯ ನೋಡಪ್ಪ" ಅಂದರು. ಆಗ ಪಕ್ಕದಿಂದ:

"ಮಾರ್ಕೆಟ್. ಮಾರ್ಕೆಟ್. ಒಬ್ಬೊಬ್ರಾಗಿ ಇಳೀರಿ. ತಳ್ಬೇಡಿ."

ಮೀಸೆ ಚಹಾ ಶರ್ಟಿನ ಮೇಲೆ ಚೆಲ್ಲಿಕೊಂಡರು. ನಕ್ಕು ನಕ್ಕು ಕಣ್ಣಲ್ಲಿ ನೀರು. ಹೋಗುವಾಗ ಬೆನ್ನು ತಟ್ಟಿ, "ಬರ್ತೀನಪ್ಪ ಮಾರ್ಕೆಟ್." ಸೈಟಲ್ಲಿ ಇನ್ನು ಅದೇ ನನ್ನ ಹೆಸರು. ಗ್ಯಾರಂಟಿ.

ಅಪ್ಪ ಹೊರಗೆ ಬಂದ ಕೂಡಲೇ ಹಾರಾಡಿದೆ. ಏನೇನು ಅಂದೆ ಅಂತ ನೆನಪಿದೆ, ಬರೆಯೋಕೆ ಮನಸ್ಸಿಲ್ಲ. ಕೊನೇದು ಮಾತ್ರ ಬರೀತೀನಿ. "ಚಿಲಕ ಯಾಕೆ ಹಾಕಿರೋದು? ಹಾಕ್ಕೊಂಡು ಬಾಯ್ ಮುಚ್ಕೊಂಡು ಕೂತ್ಕೋ. ಜನ ಇದ್ದಾಗ ಒಂದು ಸದ್ದು ಬರಬಾರ್ದು."

ಅಪ್ಪ ಟವೆಲ್ ಕೊಡವಿದ. "ಆಯ್ತಪ್ಪ" ಅಂದ. ನನಗೆ ಯಾವತ್ತೂ ಅಪ್ಪ ಅಂದೋನಲ್ಲ.

ಫೆಬ್ರವರಿ 26

ಸದ್ದಿಲ್ಲ. ಹೋಗ್ತಾನೆ, ಚಿಲಕದ ಟಕ್, ಫ್ಲಶ್, ಬರ್ತಾನೆ. ಸುಖ.

ಅಮ್ಮ ಮಾತ್ರ ಅನ್ನಕ್ಕಿಟ್ಟು ಎರಡು ಸಲ ಕೇಳಿದಳು, "ಇವ್ರು ಒಳಗಿದಾರಾ, ಹೊರಗಿದಾರಾ? ಒಂದೂ ಗೊತ್ತಾಗಲ್ಲ."

ಫೆಬ್ರವರಿ 28, ಮಧ್ಯಾಹ್ನ

ಬ್ಯಾಗ್ ತುಂಬಿದೆ. ಸಂಜೆ ಮೀಸೆ ಬರ್ತಾರೆ, ಸೈಟಿನ ಲೆಟರ್ ಕೊಡೋಕೆ. ನಾಳೆ ಬೆಳಿಗ್ಗೆ ಬಸ್ಸು. ಏಳನೇದಾದ್ರೂ ನಿಲ್ಲಲಿ.

ಮಾರ್ಚ್ 6

ಆಸ್ಪತ್ರೆ ವರಾಂಡ. ಇವತ್ತು ಪೆನ್ನು ಹಿಡಿಯೋಕಾಯಿತು.

ಅಪ್ಪ ಬಿದ್ದಿದ್ದ. ಮತ್ತೆ ಹತ್ತಿ ಕೂತಿದ್ದಾನೆ. ಸೀಟ್ ಸರಿದಿದೆ. ನಾನು ಬಿಗಿ ಮಾಡಿದ ಬೋಲ್ಟೇ, ಆದರೆ ಮನುಷ್ಯ ಮೇಲೆ ನಿಲ್ಲಲಿ ಅಂತ ಬಿಗಿ ಮಾಡಿದ್ದಲ್ಲ. ಸೊಂಟದ ಮೂಳೆ ಮುರಿದಿದೆ. ರಾಡ್ ಹಾಕಿದ್ದಾರೆ. ನಡೆಯೋದು ಆಮೇಲಿನ ಮಾತು, ಮೊದಲು ಕೂರಲಿ ನೋಡೋಣ ಅಂದರು ಡಾಕ್ಟರ್.

ಇಪ್ಪತ್ತೆಂಟರ ಸಂಜೆ ಮೀಸೆ ಐದು ಗಂಟೆಗೆ ಬಂದರು. ಅದಕ್ಕೆ ಸ್ವಲ್ಪ ಮುಂಚೆಯೇ ಅಪ್ಪ ಒಳಗೆ ಹೋಗಿದ್ದನಂತೆ. ನಾನು ನೋಡಿಲ್ಲ, ಬಿದ್ದ ಸದ್ದೂ ಕೇಳಿಲ್ಲ, ಮೀಸೆಯವರನ್ನ ಕರೆತರೋಕೆ ಬೀದಿ ತುದಿಗೆ ಹೋಗಿದ್ದೆ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅಮ್ಮ, ಅಪ್ಪ ಜಗುಲಿಯಲ್ಲಿ ಕೂತಿದ್ದಾನೆ ಅಂದುಕೊಂಡಿದ್ದಳು. ಮೀಸೆ ಹೊರಟಾಗ ಐದೂ ಮುಕ್ಕಾಲು. ಆಮೇಲೆ ಅಮ್ಮ "ಅಪ್ಪ ಎಲ್ಲೋ?" ಅಂದಳು. ಬಾಗಿಲು ತಳ್ಳಿದೆ. ಚಿಲಕ. "ಅಪ್ಪಾ" ಅಂದೆ. ಒಳಗಿಂದ ತುಂಬಾ ಮೆಲ್ಲಗೆ ಕೇಳಿದ: "ಹೋದ್ರಾ ಅವರು?"

ನಾನೇ ಹಾಕಿದ ಬಾಗಿಲು. ಒಡೆಯೋಕೆ ಆಗಲ್ಲ ಅಷ್ಟು ಗಟ್ಟಿ. ನಾಲ್ಕನೇ ಒದೆತಕ್ಕೆ ಬಂತು.

ಮಾರ್ಚ್ 7

ಇವತ್ತು ಅಪ್ಪನನ್ನ ಕೇಳಿಯೇಬಿಟ್ಟೆ. "ಕೂಗಬಾರ್ದಿತ್ತಾ? ಹತ್ತು ಹೆಜ್ಜೆ ಆಚೆ ಕೂತಿದ್ದೆ ನಾನು."

"ಹಾಲಲ್ಲಿ ಜನ ಇದ್ರಲ್ಲೋ."

ಅಷ್ಟೇ. ಕೋಪ ಇಲ್ಲ, ಕೊಂಕಿಲ್ಲ. ಅಮ್ಮ ಆ ಕಡೆ ತಿರುಗಿ ಬೆಡ್‌ಶೀಟ್ ಸರಿ ಮಾಡಿದಳು. ಸರಿಯಾಗೇ ಇತ್ತು ಅದು.

ಮೀಸೆ ಅವತ್ತು ಐದೂಕಾಲಿಗೇ ಎದ್ದಿದ್ದರು. "ಕೂತ್ಕೊಳ್ಳಿ ಸರ್, ಏನವಸರ, ಇನ್ನರ್ಧ ಲೋಟ ಚಹಾ" ಅಂದವನು ನಾನು.

ಮಾರ್ಚ್ 8

ಮೀಸೆ ಫೋನ್. "ಏನಪ್ಪ ಮಾರ್ಕೆಟ್, ಬರ್ತೀಯೋ ಇಲ್ವೋ?" ಇಲ್ಲ ಅಂದೆ.

ಮಾರ್ಚ್ 30

ಮನೆಗೆ ಕರೆತಂದು ಹತ್ತು ದಿನ. ಬೆಡ್‌ಪ್ಯಾನ್. ನಾನೇ ಎತ್ತಿ ಹಾಕ್ತೀನಿ. ಅಪ್ಪ ಗೋಡೆ ನೋಡ್ತಾನೆ, ನಾನು ಕಿಟಕಿ ನೋಡ್ತೀನಿ. ಬಾಯಿ ಬಿಡಲ್ಲ. ಉಪ್ಪು ಕಮ್ಮಿ ಅಂತ ಅಮ್ಮನಿಗೂ ಹೇಳಲ್ಲ.

ಅಕ್ಕ ಬಂದಿದ್ದಳು. ಹಿತ್ತಲಿಗೆ ಕರೆದುಕೊಂಡು ಹೋಗಿ, ಹಳೇ ತಗಡಿನ ಬಾಗಿಲ ಮುಂದೆ ನಿಲ್ಲಿಸಿ ಬೈದಳು. "ನಾನು ಒಂದು ಮಗ್ಗಿ ತಪ್ಪಿದ್ರೆ ಅಮ್ಮ ಓಡಿ ಬರ್ತಿದ್ಲು. ನೀನು ಅಷ್ಟು ದೊಡ್ಡ ಮನುಷ್ಯನ್ನ ಮ್ಯೂಟ್ ಮಾಡಿ ಕೂರಿಸಿದ್ಯಲ್ಲೋ." ಬೈಸಿಕೊಂಡೆ. ಅವಳು ಬಕೆಟ್ ತಳ್ಳಿದಾಗಲೂ ಇಷ್ಟು ಸುಮ್ಮನೆ ನಿಂತಿರಲಿಲ್ಲ.

ಏಪ್ರಿಲ್ 2

ಬಾಗಿಲು ಮತ್ತೆ ಕೂರಿಸಿದೆ. ಚಿಲಕ ಕಿತ್ತೆ. ಸ್ಕ್ರೂ ತೂತಿಗೆ ಸೋಪು ತುಂಬಿದೆ. ಕಮೋಡಿನ ಎರಡೂ ಕಡೆ ಗೋಡೆಗೆ ಕಂಬಿ ಹಾಕಿದೆ, ಬಸ್ಸಿನಲ್ಲಿರೋ ಥರ. ನಾನೇ ಜೋತುಬಿದ್ದು ನೋಡಿದೆ. ಅಲ್ಲಾಡಲ್ಲ.

ಏಪ್ರಿಲ್ 19, ಬೆಳಿಗ್ಗೆ ಏಳೂವರೆ

ಮೊದಲ ಸಲ ವಾಕರ್ ಹಿಡಿದು ಅಲ್ಲಿವರೆಗೆ ಬಂದ. ಹನ್ನೊಂದು ಹೆಜ್ಜೆ. ನಡುವೆ ಎರಡು ಕಡೆ ನಿಂತ. ಹಿಡಿದು ಕೂರಿಸಿದೆ, ಪಾದ ನೆಲಕ್ಕೆ. ಕಂಬಿ ಹಿಡಿದುಕೊಂಡ. ಒಮ್ಮೆ ಅಲ್ಲಾಡಿಸಿ ನೋಡಿದ. ಬಾಗಿಲು ಅರ್ಧ ಎಳೆದು ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದೇನೆ. ಕೈ ಸುಮ್ಮನಿರಲ್ಲ, ಅದಕ್ಕೆ ಡೈರಿ.

ಸದ್ದಿಲ್ಲ.

"ಸರಿ ಇದೀಯಾ?" ಅಂದೆ. "ಹ್ಞೂಂ ಅಂತಾದ್ರೂ ಅನ್ನು." ಇಲ್ಲ. ಈ ಮನುಷ್ಯನ ಹಟಕ್ಕೆ ಏನು ಹೇಳೋದು. ಎದ್ದು ಇಣುಕಿದೆ. ಸುಮ್ಮನೆ ಕೂತಿದ್ದಾನೆ, ಎದುರಿನ ನಾಲ್ಕು ಬಣ್ಣದ ಟೈಲ್ಸ್ ನೋಡಿಕೊಂಡು.

ಮತ್ತೆ ಕೂತೆ. ಗಂಟಲು ಸರಿಮಾಡಿಕೊಂಡೆ. ನಾಚಿಕೆ ಆಯಿತು. ಆದರೂ ಕೂಗಿದೆ. "ಹಳೇ ಮಿಲ್. ಯಾರ್ರೀ ಹಳೇ ಮಿಲ್." ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. "ರೈಟ್. ಮಾರ್ಕೆಟ್, ಮಾರ್ಕೆಟ್…"

ಒಳಗಿಂದ: "ಎಲ್ಲಿಂದ ಬಂತೋ ಮಾರ್ಕೆಟ್? ನೀರಿನ ಟ್ಯಾಂಕಲ್ಲಿ ಯಾರು ನಿಲ್ಲಿಸ್ತಾರೆ, ನಿಮ್ಮಪ್ಪನಾ?"

"ಮರ್ತೋಯ್ತು" ಅಂದೆ.

"ಮರೆಯೋನು ಡ್ಯೂಟಿಗೆ ಯಾಕೆ ಬರ್ತೀಯ. ಇಳಿ ಕೆಳಗೆ." ಕೆಮ್ಮಿದ. ಆಮೇಲೆ ಸಣ್ಣ ದನಿಯಲ್ಲಿ, ತುಕ್ಕು ಹಿಡಿದ ಹಾಗೆ, ನೀರಿನ ಟ್ಯಾಂಕ್.

ಮಾರ್ಕೆಟ್‌ನಲ್ಲಿ ನಿಂತಿದೆ. ತುಂಬಾ ಹೊತ್ತಾಯಿತು. ಅಮ್ಮ ಕೈ ಒರೆಸಿಕೊಂಡು ಬಂದು ಕಣ್ಣಲ್ಲೇ ಕೇಳಿದಳು. ಟ್ರಾಫಿಕ್ ಅಂದೆ. ನಿಂತೇ ಇದ್ದಾಳೆ.

ಹುಡುಗಿಯರ ಶಾಲೆ. ಕೋರ್ಟ್. ದನಿ ಬರ್ತಾ ಇದೆ. ದೊಡ್ಡಾಸ್ಪತ್ರೆಗೆ "ಯಾರೂ ಇಳಿಯೋರಿಲ್ಲ, ಹೋಗ್ಲಿ ರೈಟ್" ಅಂದ. ಇನ್ನೊಂದೇ. ಸ್ಟೂಲ್ ಸರಿಸಿಟ್ಟುಕೊಳ್ಳಬೇಕು, ಡಿಪೋ ಅಂದ ಕೂಡಲೇ ಒಳಗೆ ಹೋಗಿ ಕಂಕುಳಿಗೆ ಕೈ ಕೊಟ್ಟು ಎಬ್ಬಿ… ಡಿಪೋ ಅಂದ!