ಎಡಗಡೆ ಏನಿತ್ತು, ಚಿಕ್ಕಮ್ಮ?

ನನ್ನ ಬಾಯಿಬಡುಕಿ ಚಿಕ್ಕಮ್ಮನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ಇವಳಿಗೇನು ಬಂತು ಎಂದು ಗೊಣಗಬೇಡ. ಎದುರಿಗೇ ಹೇಳಬೇಕೆಂದು ಬೆಳಗಿನಿಂದ ಮೂರು ಸಲ ಅಡುಗೆಮನೆಗೆ ಬಂದೆ. ಮೂರು ಸಲವೂ ಬರೀ ನೀರು ಕುಡಿದು ವಾಪಸಾದೆ.

ಆಂಬುಲೆನ್ಸ್ ಚಾಲಕಿಯ ಪರೀಕ್ಷೆಯಲ್ಲಿ ನಾನು ಮೊದಲ ಸಲ ಫೇಲಾದದ್ದು ನಿನಗೆ ಗೊತ್ತಲ್ಲ. ಗಾಡಿ ಓಡಿಸುತ್ತಾ ಕಂಡದ್ದನ್ನೆಲ್ಲ ಇಪ್ಪತ್ತು ನಿಮಿಷ ಬಾಯಿಬಿಟ್ಟು ಹೇಳುತ್ತಿರಬೇಕು. ನಾನು ಮೊದಲ ಸರ್ಕಲ್‌ನಲ್ಲೇ ಗಪ್‌ಚುಪ್. "ಮನೇಲಿ ನಿನ್ನ ಬಾಯಿ ಮುಚ್ಸೋಕಾಗಲ್ಲ, ಅಲ್ಲಿ ಹೋಗಿ ಮೂಕಿ ಆದ್ಯಾ?" ಎಂದು ನಕ್ಕೆ ನೀನು. ಮಾರನೆಯ ದಿನದಿಂದಲೇ ಪಾಠ ಶುರು.

ನಿಜ ಹೇಳಬೇಕೆಂದರೆ ಆ ಪಾಠ ನನಗೆ ಆರನೆಯ ವಯಸ್ಸಿನಿಂದಲೇ ಆಗಿತ್ತು. ಅಮ್ಮ ತೀರಿಕೊಂಡ ವರ್ಷ ನೀನು ನನ್ನನ್ನು ನಿನ್ನ ಶಾಲಾ ವ್ಯಾನಿನಲ್ಲಿ ನಿನ್ನ ಹಿಂದಿನ ಸೀಟಿನಲ್ಲೇ ಕೂರಿಸಿಕೊಳ್ಳುತ್ತಿದ್ದೆ. "ಮುಂದೆ ಹಾಲಿನ ಗಾಡಿ, ಬಾಗಿಲು ತೆಗೀಬಹುದು, ದೂರ ಇರೋಣ. ಚೆಂಡು ಬಂತಾ? ಹಿಂದೇನೇ ಮಗು ಬರುತ್ತೆ. ಕಾಲು ಬ್ರೇಕ್ ಮೇಲಿರ್ಲಿ." ಮಕ್ಕಳೆಲ್ಲ ಅದನ್ನು ಕಥೆ ಎಂದುಕೊಂಡಿದ್ದರು. ನನಗಂತೂ ಆ ದನಿ ಕೇಳುತ್ತಿರುವವರೆಗೆ ಏನೂ ಕೆಟ್ಟದ್ದು ಆಗುವುದಿಲ್ಲ ಎನ್ನುವ ಧೈರ್ಯ. ನಿನ್ನದು ಒಂದೇ ನಿಯಮ: "ಹೇಳದೇ ಇದ್ದಿದ್ದು ನೋಡದೇ ಇದ್ದ ಹಾಗೆ."

ನಿನ್ನೆ ನಮ್ಮ ಕಾರನ್ನು ಒಂದು ಸಲ ನೀನೇ ಓಡಿಸಿ ತೋರಿಸು ಎಂದು ಹಟ ಹಿಡಿದವಳು ನಾನೇ. ನಿನಗೂ ಸೋಮವಾರದಿಂದ ಮತ್ತೆ ವ್ಯಾನ್ ಹತ್ತುವ ಸಂಭ್ರಮ. ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಶಾಲೆಯವರು ಕರೆದಿದ್ದಾರೆಂದು ಹಳೆಯ ಕೋಟಿಗೆ ಗುಂಡಿ ಕೂಡ ಹೊಲಿದುಕೊಂಡಿದ್ದೀಯ. ನಾನು ಪಕ್ಕದಲ್ಲಿ ಪರೀಕ್ಷಕಿಯ ಹಾಗೆ ಗತ್ತಿನಿಂದ ಕೂತೆ. ಬಲಗಡೆ ತಿರುಗುತ್ತಿದ್ದ ಲಾರಿಯನ್ನು ನೀನು ಹೇಳಿದೆ, ಎದುರಿನ ಸಿಗ್ನಲನ್ನೂ ಹೇಳಿದೆ. ಎಡಕ್ಕೆ ಅಂಚೆಯವನ ಸೈಕಲ್ಲಿತ್ತು, ಹೇಳಲಿಲ್ಲ. ಎಡಕ್ಕೆ ಏಣಿ ಹೊತ್ತ ಪೇಂಟರ್, ಅವನನ್ನೂ ಹೇಳಲಿಲ್ಲ. ಮರೆತಿರಬೇಕು ಎಂದುಕೊಂಡೆ. ಆಮೇಲೆ ಎಡಗಡೆಯಿಂದಲೇ ಕೆಂಪು ಚೆಂಡೊಂದು ಉರುಳಿ ಬಂತು. ನೀನು ಎದುರಿನ ಬಸ್ಸಿನ ವಿಷಯ ಹೇಳುತ್ತಲೇ ಇದ್ದೆ.

"ನಿಲ್ಸು!" ಎಂದು ನಾನು ಕಿರುಚಿದಾಗ ಮಗು ಬಂಪರಿನಿಂದ ಒಂದು ಮೊಳ ದೂರದಲ್ಲಿತ್ತು. ಬ್ರೇಕ್ ತುಳಿದು ನಿಲ್ಲಿಸಿ ಕೇಳಿದೆ ನೀನು, "ಎಲ್ಲಿಂದ ಬಂತೇ ಅದು?"

"ದಿಢೀರ್ ಅಂತ ಓಡಿಬಂತು ಚಿಕ್ಕಮ್ಮ. ಯಾರಿಗೂ ಕಾಣ್ತಿರ್ಲಿಲ್ಲ" ಎಂದೆ.

ಸುಳ್ಳು. ಆ ಮಗು ಫುಟ್‌ಪಾತಿನ ಅಂಚಿನಲ್ಲಿ ಆಗಿನಿಂದಲೂ ನಿಂತಿತ್ತು. ನಿನ್ನ ಮುಖ ಬಿಳಿಚಿಕೊಂಡದ್ದು ನೋಡಲಾರದೆ ಹಾಗಂದುಬಿಟ್ಟೆ. ಈಗ ನಿನ್ನ ಎಡತೋಳಿನ ಮೇಲಿನ ಪೆಟ್ಟಿನ ಕಪ್ಪು ಕಲೆ ನೆನಪಾಗುತ್ತಿದೆ. "ಹಾಳು ಬಾಗಿಲು, ದಾರಿಗಡ್ಡ ಬರುತ್ತೆ" ಎಂದಿದ್ದೆಯಲ್ಲ. ಬಾಗಿಲು ಇದ್ದಲ್ಲೇ ಇದೆ ಚಿಕ್ಕಮ್ಮ. ನಿನ್ನ ಕಣ್ಣಿಗೆ ಎಡಗಡೆ ಕಾಣಿಸುತ್ತಿಲ್ಲ.

ಗುರುವಿಗೇ ತಿರುಮಂತ್ರ ಹಾಕುತ್ತಿದ್ದೇನೆ, ಬೈದುಕೋ. ಆದರೆ ಸೋಮವಾರ ಆ ವ್ಯಾನಿನಲ್ಲಿ ಹದಿನೆಂಟು ಮಕ್ಕಳಿರುತ್ತಾರೆ. ನಿನ್ನ ಹಿಂದಿನ ಸೀಟಿನಲ್ಲಿ ನನ್ನಂಥವಳೇ ಒಬ್ಬಳು, ನಿನ್ನ ದನಿಯನ್ನೇ ನಂಬಿಕೊಂಡು ಕೂತಿರುತ್ತಾಳೆ.

ಕಾರಿನ ಕೀಲಿಕೈಯನ್ನು ಬಚ್ಚಿಟ್ಟಿಲ್ಲ. ಅದೇ ಮೊಳೆಯಲ್ಲಿ ನೇತಾಡುತ್ತಿದೆ. ನಿನ್ನಿಂದ ಕಿತ್ತುಕೊಳ್ಳುವುದು ನನ್ನ ಕೈಲಾಗದು, ನೀನಾಗಿ ಕೊಡಬೇಕು. ನಾಳೆ ಹತ್ತಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ. ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತು ಬಾಯಿ ಆಡಿಸುತ್ತಿರು. ಬಲಗಡೆಯದನ್ನೆಲ್ಲ ನೀನು ಹೇಳು. ಎಡಗಡೆಯದನ್ನು ಇನ್ನು ಮೇಲೆ ನಾನು ಹೇಳುತ್ತೇನೆ.

ನಿನ್ನ ದನಿ ನೂರು ವರ್ಷ ನನ್ನ ಕಿವಿಗೆ ಬೀಳುತ್ತಿರಲಿ.

ನೋಡಿಯೂ ಒಂದು ದಿನ ಹೇಳದೆ ಇದ್ದ
ನಿನ್ನ ಮೂಕಿ